ಜನವರಿ ಹನ್ನೊಂದರ ಸಹಿ

ಜೆನೀವಾ ಟಾಲ್ಬರ್ಟ್‌ಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೋ ಪತ್ತೆ ಹಚ್ಚಿ ನನ್ನ ಮುಖಕ್ಕೆ ಎಸೆಯುವುದು ಬೇಡ.

ನಾನು ವರ್ಡೆಲ್ ಸಿಮ್ಸ್. ಕ್ಯಾಮ್ಡನ್ ಊರಿನ ಮೋರ್ಲೆಂಡ್ ಕಂಪನಿಯಲ್ಲಿ ಹತ್ತು ವರ್ಷ ತಾಮ್ರದ ತಂತಿ ಸುತ್ತಿದವಳು. ಅದಕ್ಕೂ ಮೊದಲು ಅದೇ ಕಟ್ಟಡದಲ್ಲಿ ನಾಲ್ಕು ವರ್ಷ ಕಕ್ಕಸು ತೊಳೆದವಳು. ಸಾವಿರದ ಒಂಬೈನೂರ ನಲವತ್ಮೂರರಲ್ಲಿ ಗಂಡಸರು ಯುದ್ಧಕ್ಕೆ ಹೋದರು. ಬಿಳಿ ಹೆಂಗಸರು ಸಾಲಲಿಲ್ಲ. ಆಗ ಕಂಪನಿಗೆ ನಮ್ಮ ಬೆರಳು ಕಾಣಿಸಿದವು. ಬ್ರಷ್ಷು ಕೆಳಗಿಡು, ಮೇಲೆ ಹತ್ತು ಅಂದರು. ನಾಲ್ಕನೇ ಮಹಡಿ ಹತ್ತಿದೆ.

ನಾಲ್ಕನೇ ಮಹಡಿಯಲ್ಲಿ ಮೂವತ್ತು ಹೆಂಗಸರು, ಎಲ್ಲರೂ ಕರಿಯರು. ಕೂರಲು ಬೆನ್ನಿಲ್ಲದ ಸ್ಟೂಲು. ತಂತಿ ಕೂದಲಿಗಿಂತ ಸಣ್ಣ. ಅದು ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ಓಡಬೇಕು. ಓಡಿದ ಕಡೆ ಚರ್ಮ ಸೀಳುತ್ತಿತ್ತು. ತಂತಿಗೆ ರಕ್ತ ತಾಗಿದರೆ ಆ ಕಾಯಿಲ್, ಅಂದರೆ ಸುತ್ತಿದ ತಂತಿಯ ಸುರುಳಿ, ಕಸದ ಬುಟ್ಟಿಗೆ. ಅದಕ್ಕೇ ಬೆರಳಿಗೆ ಮೇಣ ಮೆತ್ತಿಕೊಳ್ಳುತ್ತಿದ್ದೆವು. ಒಂದು ಕಾಯಿಲ್‌ಗೆ ನಾನೂರ ಹನ್ನೆರಡು ಸುತ್ತು. ಎಣಿಸುತ್ತಾ ಸುತ್ತಬೇಕು. ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪುತ್ತಿತ್ತು. ಹಾಗಾಗಿ ದಿನವಿಡೀ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆವು.

ಅದೇ ಮಹಡಿಯಲ್ಲಿ ಒಂದು ಕಕ್ಕಸು ಇತ್ತು. ನಾವು ಹೋಗಕೂಡದು ಅಂತ ಬೋರ್ಡೇನೂ ಇರಲಿಲ್ಲ. ನಮ್ಮಲ್ಲಿ ಯಾರಾದರೂ ಹೋದರೆ ಮೇಲ್ವಿಚಾರಕಿ ಮಿಸ್ ಡೀಟ್ಸ್ ಬಾಗಿಲ ಹತ್ತಿರ ನಿಂತು ಗಡಿಯಾರ ನೋಡುತ್ತಿದ್ದಳು. ಒಳಗಿದ್ದವಳಿಗೆ ಅವಳ ಬೂಟು ಕಾಣುತ್ತಿತ್ತು. ಎರಡು ಸಲ ಹಾಗಾದ ಮೇಲೆ ಎಲ್ಲರೂ ನೆಲಮಾಳಿಗೆಗೇ ಇಳಿಯತೊಡಗಿದೆವು. ನಾಲ್ಕು ಮಹಡಿ ಇಳಿಯುವುದು, ನಾಲ್ಕು ಮಹಡಿ ಹತ್ತುವುದು. ಬಸುರಿಯರೂ ಅಷ್ಟೇ.

ಜೆನೀವಾ ಬಂದದ್ದು ನಲವತ್ತೊಂಬತ್ತರಲ್ಲಿ, ಕೆರೊಲಿನಾ ಕಡೆಯಿಂದ. ಇಪ್ಪತ್ತಾರರ ಹುಡುಗಿ, ಎಲುಬು ಕಾಣುವಷ್ಟು ಸಣಕಲು. ನಮ್ಮವರ ಕಾಲೇಜಿನಲ್ಲಿ ಒಂದು ವರ್ಷ ಓದಿ ಅಪ್ಪ ಸತ್ತ ಮೇಲೆ ಬಿಟ್ಟವಳು. ಅವಳಿಗೆ ತಂತಿ ಹಿಡಿಯುವುದನ್ನು ಹೇಳಿಕೊಟ್ಟವಳು ನಾನೇ. ಹಿಂದೆ ನಿಂತು, ಅವಳ ಮೊಣಕೈ ಹಿಡಿದು, ಎಷ್ಟು ಬಿಗಿ ಇರಬೇಕು ಅಂತ ತೋರಿಸಿದೆ.

"ಇಷ್ಟೇ ಬಿಗಿ. ಮಗುವಿನ ಕೈ ಹಿಡಿದು ರಸ್ತೆ ದಾಟಿಸ್ತೀಯಲ್ಲ, ಅಷ್ಟು."

"ಸರಿ, ಮಿಸ್ ವರ್ಡೆಲ್."

ಮೂರೇ ವಾರ. ಅವಳ ಕಾಯಿಲ್ ನನ್ನದಕ್ಕಿಂತ ನುಣುಪಾಗಿ ಬಂತು. ಎರಡು ತಿಂಗಳಿಗೆ ಅವಳು ಎಣಿಸದೆ ಸುತ್ತುತ್ತಿದ್ದಳು. ಎಷ್ಟಾಯಿತು ಅಂತ ಕೇಳಿದರೆ ಥಟ್ಟನೆ ಹೇಳುತ್ತಿದ್ದಳು. ಬಿಚ್ಚಿ ಎಣಿಸಿ ನೋಡಿದೆ. ಸರಿಯಾಗೇ ಇತ್ತು. ನನಗೆ ಬೇಸರವಾಯಿತು. ತಪ್ಪಿರಲಿ ಅಂತ ಬೇಡಿಕೊಂಡೇ ಎಣಿಸಿದ್ದೆ.

ಒಂದು ಭಾನುವಾರ ಚರ್ಚು ಮುಗಿಸಿ ನಮ್ಮ ಮನೆಗೆ ಊಟಕ್ಕೆ ಬಂದಳು. ಕೆಟ್ಟು ಕೂತಿದ್ದ ನಮ್ಮ ರೇಡಿಯೋ ನೋಡಿ, ಹಿಂದಿನ ಹಲಗೆ ಬಿಚ್ಚಿ, ಊಟದ ಚಾಕುವಿನಲ್ಲಿ ಏನೋ ಕೆರೆದು, ಹಾಡಿಸಿಬಿಟ್ಟಳು. ನನ್ನ ಗಂಡ ಎಲ್ಬರ್ಟ್ ಹಡಗುಕಟ್ಟೆಯಲ್ಲಿ ಕಬ್ಬಿಣ ಹೊರುವವನು, ಮಾತು ಕಡಿಮೆ. ಅವತ್ತು ಅವಳು ಹೋದ ಮೇಲೆ, "ಆ ಹುಡುಗಿಗೆ ತಲೆ ಇದೆ ಕಣೇ" ಅಂದ. ಹತ್ತೊಂಬತ್ತು ವರ್ಷ ಸಂಸಾರ ಮಾಡಿದ್ದೇನೆ. ನನ್ನ ಅಡುಗೆ ಹೊಗಳಿದ್ದಾನೆ, ನನ್ನ ಸೊಂಟ ಹೊಗಳಿದ್ದಾನೆ. ತಲೆಯ ಮಾತು ಎತ್ತಿರಲಿಲ್ಲ. ನಾನು ಪಾತ್ರೆಗಳನ್ನು ಸದ್ದು ಮಾಡುತ್ತಾ ತೊಳೆದೆ.

ಐವತ್ತನೇ ಇಸವಿಯ ಕೊನೆಗೆ ಬಣ್ಣದ ಟೆಲಿವಿಷನ್ನಿನ ಹುಚ್ಚು ಶುರುವಾಯಿತು. ಮೂರನೇ ಮಹಡಿಯಲ್ಲಿ ಇಂಜಿನಿಯರರು ಒಂದು ಕ್ಯಾಮೆರಾ ಕಟ್ಟುತ್ತಿದ್ದರು. ಶವದ ಪೆಟ್ಟಿಗೆಯಷ್ಟು ಉದ್ದ. ಅದು ಒಂದೇ ಮುಖವನ್ನು ಮೂರು ಕೊಳವೆಗಳಿಂದ ನೋಡುತ್ತಿತ್ತು. ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು, ಒಂದಕ್ಕೆ ನೀಲಿ. ಮೂರೂ ಚಿತ್ರ ಒಂದರ ಮೇಲೊಂದು ಸರಿಯಾಗಿ ಕೂತರೆ ಮನುಷ್ಯರ ಮುಖ. ಒಂದು ಎಳೆ ಸರಿದರೂ ದೆವ್ವ. ಆ ಚಿತ್ರಗಳನ್ನು ಜಾಗದಲ್ಲಿ ಕೂರಿಸುವುದು ಕೊಳವೆಯ ಸುತ್ತ ಇರುವ ಕಾಯಿಲ್. ನಾವು ಸುತ್ತಿದ ಕಾಯಿಲ್.

ಟ್ರೇ ಹೊತ್ತುಕೊಂಡು ಕೆಳಗೆ ಹೋದಾಗ ನೋಡುತ್ತಿದ್ದೆವು. ಒಲೆಯಂಥ ದೀಪಗಳ ಕೆಳಗೆ ಕೆಂಪು ಕೂದಲಿನ ಬಿಳಿ ಹುಡುಗಿಯೊಬ್ಬಳು ಹಣ್ಣಿನ ಬುಟ್ಟಿ ಹಿಡಿದು ಕೂತಿರುತ್ತಿದ್ದಳು. ಬೆಳಿಗ್ಗೆ ಅವಳ ಚಿತ್ರ ಚೆನ್ನಾಗಿರುತ್ತಿತ್ತು. ಒಂದು ಗಂಟೆ ಕಳೆದರೆ ಅವಳ ಕಿವಿಯ ಪಕ್ಕ ಇನ್ನೊಂದು ಕೆಂಪು ಕಿವಿ, ಮೂಗಿನ ಪಕ್ಕ ಹಸಿರು ಮೂಗು. ಇಂಜಿನಿಯರರು ತಲೆ ಕೆರೆದುಕೊಳ್ಳುತ್ತಿದ್ದರು. ಆಮೇಲೆ ಕಾಯಿಲ್‌ಗಳನ್ನೆಲ್ಲ ಬಿಚ್ಚಿ ವಾಪಸು ಕಳಿಸುತ್ತಿದ್ದರು.

ಮಿಸ್ ಡೀಟ್ಸ್ ಅವನ್ನು ನಮ್ಮ ಮೇಜಿನ ಮೇಲೆ ಸುರಿಯುತ್ತಿದ್ದಳು. "ಹತ್ತಿ ಬಿಡಿಸೋ ಕೈಗೆ ಇಂಥ ಕೆಲಸ ಕೊಟ್ಟಿದ್ದೇ ತಪ್ಪು."

ಮೂವತ್ತು ಜನ ತಲೆ ತಗ್ಗಿಸಿಕೊಂಡೆವು. ಜೆನೀವಾ ಮಾತ್ರ ಒಂದು ಕಾಯಿಲ್ ಎತ್ತಿ ಬೆಳಕಿಗೆ ಹಿಡಿದಳು. ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ರೊಟ್ಟಿ ತಿನ್ನುವಾಗ ಹೇಳಿದಳು:

"ಮಿಸ್ ವರ್ಡೆಲ್, ಇದು ಸುತ್ತಿದ್ದರ ತಪ್ಪಲ್ಲ. ಕೆಂಪಿನ ಕಾಯಿಲ್ ನೀವು ಸುತ್ತಿದ್ದು. ಹಸಿರು ನಾನು. ನೀಲಿ ಇನ್ಯಾರೋ. ಮೂರೂ ಚೆನ್ನಾಗೇ ಇದೆ. ಆದ್ರೆ ಬೇರೆ ಬೇರೆ ಕೈ, ಬೇರೆ ಬೇರೆ ಬಿಗಿ. ಬಿಸಿಯಾದಾಗ ಒಂದೊಂದೂ ಒಂದೊಂದು ಥರ ಸಡಿಲ ಆಗುತ್ತೆ. ಅಲ್ಲಿಗೆ ಚಿತ್ರ ಸರಿಯುತ್ತೆ."

"ಅದಕ್ಕೇನು ಮಾಡೋಕಾಗುತ್ತೆ? ಒಬ್ಬಳೇ ಮೂರೂ ಸುತ್ತಬೇಕಾ?"

"ಒಬ್ಬಳು ಸುತ್ತಿದ್ರೂ ಬೆಳಗಿನ ಬಿಗಿ ಮಧ್ಯಾಹ್ನ ಇರಲ್ಲ. ಮೂರನ್ನೂ ಒಟ್ಟಿಗೇ ಸುತ್ತಬೇಕು. ಒಂದೇ ಸಲಕ್ಕೆ, ಒಂದೇ ಹಿಡಿ ತಿರುಗಿಸಿ. ಆಮೇಲೆ ಸರಿದ್ರೆ ಮೂರೂ ಸೇರಿಯೇ ಸರೀತಾವೆ. ಸರಿದಿದ್ದೇ ಗೊತ್ತಾಗಲ್ಲ."

ಅಷ್ಟು ಸುಲಭ. ನಾನು ಎಂಟು ವರ್ಷ ಅದೇ ತಂತಿ ಹಿಡಿದಿದ್ದೆ. ನನಗೆ ಯಾಕೆ ಹೊಳೆಯಲಿಲ್ಲ?

ಮೂರು ವಾರ ಊಟದ ಬಿಡುವಿನಲ್ಲಿ ಅವಳು ಒಂದು ಚೌಕಟ್ಟು ಮಾಡಿದಳು. ಪೊರಕೆಯ ಕೋಲು, ಒಡೆದ ಸ್ಟೂಲಿನ ಕಾಲು, ಹಳೆಯ ಹ್ಯಾಟಿನಿಂದ ಕತ್ತರಿಸಿದ ಉಣ್ಣೆಬಟ್ಟೆ. ಕೋಲಿನ ಮೇಲೆ ಮೂರು ಅಚ್ಚು, ಒಂದೇ ಹಿಡಿ. ಮೂರು ತಂತಿಯೂ ಒಂದೇ ಉಣ್ಣೆಬಟ್ಟೆಯ ನಡುವೆ ಹಾದು ಬರಬೇಕು. ಮಾರ್ಚ್ ತಿಂಗಳು, ಗುಡ್ ಫ್ರೈಡೇ ಹಿಂದಿನ ಗುರುವಾರ ಮೊದಲ ಸಲ ಸುತ್ತಿದೆವು. ಅವಳು ಹಿಡಿ ತಿರುಗಿಸಿದಳು, ನಾನು ತಂತಿ ಹಿಡಿದೆ. ಮೂರು ತಂತಿ ಒಟ್ಟಿಗೆ ಓಡಿದಾಗ ನನ್ನ ಬೆರಳು ಮೂರು ಕಡೆ ಸೀಳಿತು. ಬಿಡಲಿಲ್ಲ. ನಾನೂರ ಹನ್ನೆರಡು.

ಸೋಮವಾರ ಆ ಮೂರು ಕಾಯಿಲ್ ಹಾಕಿದ ಕ್ಯಾಮೆರಾ ನಾಲ್ಕು ಗಂಟೆ ಓಡಿತು. ಹುಡುಗಿಗೆ ಒಂದೇ ಮೂಗು, ಎರಡೇ ಕಿವಿ. ದೀಪದ ಝಳಕ್ಕೆ ಹುಡುಗಿ ಎಚ್ಚರ ತಪ್ಪಿ ಬಿದ್ದಳಂತೆ. ಬಿದ್ದದ್ದೂ ಚಿತ್ರದಲ್ಲಿ ಸ್ವಚ್ಛವಾಗಿ ಬಂತಂತೆ.

ಇಂಜಿನಿಯರ್ ಕ್ರಾನ್‌ಶಾ ತಾನೇ ಮೇಲೆ ಬಂದ. ಆ ಮಹಡಿಯನ್ನು ಅವನು ಅವತ್ತೇ ಮೊದಲು ನೋಡಿದ್ದು. "ಇದನ್ನ ಸುತ್ತಿದ್ದು ಯಾರು?" ಅಂದ.

"ನಾನು ಸರ್," ಅಂದಳು ಜೆನೀವಾ. ನಾನು ಅಂದಳು. ನಾವು ಅನ್ನಲಿಲ್ಲ. ಬಟ್ಟೆ ಸುತ್ತಿದ ನನ್ನ ಬೆರಳು ಅವಳ ಪಕ್ಕದಲ್ಲೇ ಇತ್ತು.

ಅವನು ಚೌಕಟ್ಟನ್ನು ಸುತ್ತಲೂ ನೋಡಿದ, ಕಾಗದದ ಮೇಲೆ ಬರೆದುಕೊಂಡ. "ಜಾಣೆ ಹುಡುಗಿ" ಅಂದ. ಚೌಕಟ್ಟನ್ನೂ ತೆಗೆದುಕೊಂಡ, ಅವಳನ್ನೂ ಕೆಳಗೆ ಕರೆದುಕೊಂಡು ಹೋದ.

ಎರಡು ತಿಂಗಳು ಅವಳು ಮೂರನೇ ಮಹಡಿಯಲ್ಲಿದ್ದಳು. ಅವಳಿಗೆ ಒಂದು ಬಿಳಿ ಕೋಟು ಕೊಟ್ಟರು. ಯಾರೋ ಗಂಡಸಿನದು, ತೋಳು ಮಡಿಚಿ ಹಾಕುತ್ತಿದ್ದಳು. ಸಂಜೆ ಅದೇ ಕೋಟಿನಲ್ಲಿ ಮೇಲೆ ಬಂದು ತನ್ನ ಟೋಪಿ, ಚೀಲ ತೆಗೆದುಕೊಂಡು ಹೋಗುತ್ತಿದ್ದಳು.

"ನೋಡ್ರೇ, ಡಾಕ್ಟರಮ್ಮ ಬಂದ್ರು," ಅಂತ ಒಬ್ಬಳು. "ಅಮ್ಮಾ, ನನ್ನ ನಾಡಿ ನೋಡಮ್ಮ," ಅಂತ ಇನ್ನೊಬ್ಬಳು.

ಅವಳು ನಗುತ್ತಿದ್ದಳು. ನಾನು ನಗುತ್ತಿರಲಿಲ್ಲ. ಆ ಕೋಟಿನ ಮೇಲೇ ನನ್ನ ಕಣ್ಣು. ಮನೆಯಲ್ಲಿ ಕನ್ನಡಿಯ ಮುಂದೆ ಬಿಳಿ ಹಾಸಿಗೆ ಚಾದರ ಭುಜಕ್ಕೆ ಹೊದ್ದು ನೋಡಿಕೊಂಡಿದ್ದೇನೆ. ನಲವತ್ತೊಂದು ವರ್ಷದ ಹೆಂಗಸು. ನಾಚಿಕೆಯಾಗಿ ಚಾದರವನ್ನು ಕಾಲಲ್ಲಿ ಒದ್ದೆ.

ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕಳು. "ಮಿಸ್ ವರ್ಡೆಲ್, ಪೇಟೆಂಟ್ ಕಾಗದದಲ್ಲಿ ನನ್ನ ಹೆಸರೂ ಹಾಕ್ತಾರಂತೆ. ಕ್ರಾನ್‌ಶಾ ಅವರೇ ಹೇಳಿದ್ರು. ಸರ್ಕಾರದ ಮೊಹರು ಇರುತ್ತಂತೆ. ಅಮ್ಮನಿಗೆ ಕಾಗದ ಬರೆದೆ."

"ಒಳ್ಳೇದು," ಅಂದೆ. ಅವಳನ್ನು ದಾಟಿ ಮೆಟ್ಟಿಲಿಳಿದೆ.

ಜೂನ್ ತಿಂಗಳಲ್ಲಿ ಕ್ರಾನ್‌ಶಾ ನನ್ನನ್ನು ಕರೆಸಿದ. ಬಾಗಿಲು ಹಾಕಿದ. ಬೆನ್ನಿರುವ ಕುರ್ಚಿ ತೋರಿಸಿ ಕೂರು ಅಂದ. ಮೇಜಿನ ಮೇಲೆ ಒಂದು ನೋಟ್‌ಬುಕ್ ತೆರೆದಿತ್ತು. ಅದರಲ್ಲಿ ಚೌಕಟ್ಟಿನ ಚಿತ್ರ. ಪೊರಕೆ ಕೋಲಿರಲಿಲ್ಲ, ಉಕ್ಕಿನ ದಂಡ ಇತ್ತು. ಉಳಿದದ್ದೆಲ್ಲ ಅದೇ. ಮೇಲೆ ತಾರೀಕು: ಜನವರಿ 11, 1951. ಕೆಳಗೆ ಒಂದು ಸಾಲು: ಓದಿ ಅರ್ಥಮಾಡಿಕೊಂಡ ಸಾಕ್ಷಿ. ಅದರ ಮುಂದೆ ಖಾಲಿ ಗೆರೆ.

"ವರ್ಡೆಲ್, ನೀನು ಅಲ್ಲಿ ಎಲ್ಲರಿಗಿಂತ ಹಳಬಳು. ಜೆನೀವಾಗೆ ಕಲಿಸಿದ್ದೂ ನೀನೇ ಅಂತೆ?"

"ಹೌದು ಸರ್."

"ನೋಡು, ನಾನು ಹೇಳಿದ್ದನ್ನ ಅವಳು ಮಾಡಿದಳು ಅಷ್ಟೆ. ಈಗ ತಾನೇ ಕಂಡುಹಿಡಿದೆ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದಾಳೆ. ನಿನಗೂ ಒಂದು ಮಾತು ಕೊಡಲಿಲ್ಲ, ಅಲ್ವಾ?"

ನನ್ನ ಗಾಯ ಎಲ್ಲಿದೆ ಅಂತ ಅವನಿಗೆ ಗೊತ್ತಿತ್ತು. ಅಲ್ಲೇ ಬೆರಳಿಟ್ಟ.

"ಮೇಲಿನ ಮಹಡಿಗೆ ಒಬ್ಬ ಮುಖ್ಯಸ್ಥೆ ಬೇಕು. ನಿಮ್ಮವರಲ್ಲೇ ಒಬ್ಬಳು. ನನ್ನ ಮನಸ್ಸಲ್ಲಿ ನಿನ್ನ ಹೆಸರಿದೆ."

ಪೆನ್ನು ಕೊಟ್ಟ. ಯಾರೂ ನನ್ನ ತಲೆಗೆ ಬಂದೂಕು ಹಿಡಿಯಲಿಲ್ಲ. ನನ್ನ ಮಕ್ಕಳು ಹಸಿದಿರಲಿಲ್ಲ. ಅದು ಸುಳ್ಳು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ವರ್ಡೆಲ್ ಸಿಮ್ಸ್ ಅಂತ ಗುಂಡಗೆ ಬರೆದೆ. ಬರೆಯುವಾಗ ಸಿಹಿಯಾಗಿತ್ತು. ದೇವರಾಣೆ, ಬೆಲ್ಲ ತಿಂದಷ್ಟು ಸಿಹಿಯಾಗಿತ್ತು.

ಮರುವಾರ ಜೆನೀವಾಳ ಕೋಟು ಕಿತ್ತುಕೊಂಡು ಮೇಲೆ ಕಳಿಸಿದರು. ಕಂಪನಿಯ ಪತ್ರಿಕೆಯಲ್ಲಿ ಕ್ರಾನ್‌ಶಾನ ಫೋಟೋ ಬಂತು, ಉಕ್ಕಿನ ಚೌಕಟ್ಟಿನ ಪಕ್ಕದಲ್ಲಿ. ಪೇಟೆಂಟಿಗೆ ಅರ್ಜಿ ಹಾಕಿದ್ದಾರೆ ಅಂತಲೂ ಇತ್ತು. ಅವಳು ಕೆಳಗೆ ಓಡಿದಳು. ಅರ್ಧ ಗಂಟೆ ಬಿಟ್ಟು ಬಂದಳು. ನಾನು ಮೂಲೆಯ ತೊಟ್ಟಿಯಲ್ಲಿ ಕೈ ತೊಳೆಯುತ್ತಿದ್ದೆ. ಪಕ್ಕ ಬಂದು ನಿಂತಳು.

"ಜನವರಿ ಹನ್ನೊಂದು," ಅಂದಳು.

ನಾನು ನಲ್ಲಿ ನಿಲ್ಲಿಸಲಿಲ್ಲ.

"ಜನವರಿ ಹನ್ನೊಂದನೇ ತಾರೀಕು ಎಲ್ಲಿದ್ದೆ ನೀನು, ವರ್ಡೆಲ್?"

ಮಿಸ್ ಹೋಗಿತ್ತು. ನೀವು ಹೋಗಿತ್ತು.

"ವರ್ಜೀನಿಯಾದಲ್ಲಿ ನೀನು ನಿಮ್ಮಮ್ಮನ್ನ ಮಣ್ಣು ಮಾಡ್ತಾ ಇದ್ದೆ. ಆ ವಾರ ನಿನ್ನ ಪಾಲಿನ ಕಾಯಿಲ್ ಸುತ್ತಿದ್ದು ನಾನು. ನಿನ್ನ ಕೆಲಸ ಹೋಗಬಾರದು ಅಂತ. ನಿಮ್ಮಮ್ಮನ ಗುಂಡಿ ಹತ್ರ ನಿಂತ್ಕೊಂಡು ಅವನ ನೋಟ್‌ಬುಕ್ ಓದಿ ಅರ್ಥ ಮಾಡ್ಕೊಂಡ್ಯಾ?"

"ನೀನು ನನ್ನ ಹೆಸರು ಹೇಳಲಿಲ್ಲ," ಅಂದೆ. "ತಂತಿ ಹಿಡಿದಿದ್ದು ನಾನು."

ಅವಳು ನನ್ನನ್ನೇ ನೋಡಿದಳು. "ಅಷ್ಟಕ್ಕೇನಾ? ನನ್ನನ್ನ ಬೈಬೇಕಿತ್ತು. ನನ್ನ ಕೆನ್ನೆಗೆ ಹೊಡೀಬೇಕಿತ್ತು. ನನ್ನ ತಪ್ಪು ಅದು, ಹೌದು. ಅದಕ್ಕೆ ಅವನ ಕೈಗೆ ಕೊಟ್ಟುಬಿಡೋದಾ?"

ನೀರು ಹರಿಯುತ್ತಲೇ ಇತ್ತು.

ಮರುದಿನ ಮಿಸ್ ಡೀಟ್ಸ್ ಉಕ್ಕಿನ ಚೌಕಟ್ಟು ತಂದು ಅವಳ ಮುಂದೆ ಇಟ್ಟಳು. "ಎಲ್ಲರಿಗೂ ಕಲಿಸು."

ಜೆನೀವಾ ಎರಡೂ ಕೈಯನ್ನು ಏಪ್ರನ್ನಿನ ಜೇಬಿಗೆ ಹಾಕಿದಳು.

"ಕಂಡುಹಿಡಿದಿದ್ದು ಕ್ರಾನ್‌ಶಾ ಅವರಲ್ವಾ? ಅವರೇ ಬಂದು ಕಲಿಸಲಿ."

"ಏನಂದೆ?"

"ನನ್ನ ಕೈಗೆ ಗೊತ್ತಿಲ್ಲ ಅಂದೆ. ಹತ್ತಿ ಬಿಡಿಸೋ ಕೈ."

ಕೋಣೆಯಲ್ಲಿ ತಂತಿ ಸುತ್ತುತ್ತಿದ್ದ ಅಷ್ಟೂ ಕೈಗಳು ನಿಂತವು. ಮಿಸ್ ಡೀಟ್ಸ್ ಕಿರುಚಿದಳು. ಜೆನೀವಾಳ ಕೈ ಜೇಬಿನಿಂದ ಹೊರಗೆ ಬರಲಿಲ್ಲ. ಕಾವಲುಗಾರ ಬಂದು ಮೊಣಕೈ ಹಿಡಿದು ಮೆಟ್ಟಿಲಿಳಿಸಿದ. ಆಗಲೂ ಕೈ ಜೇಬಿನಲ್ಲೇ.

ಉಳಿದವರಿಗೆ ಕಲಿಸಿದವಳು ನಾನು. ಮುಖ್ಯಸ್ಥೆಯಾದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹೆಂಗಸರು ಆ ಚೌಕಟ್ಟಿಗೆ ಜೆನೀವಾ ಅಂತಲೇ ಹೆಸರಿಟ್ಟರು. "ಜೆನೀವಾನ ಇತ್ತ ತಳ್ಳು," "ಜೆನೀವಾಗೆ ಎಣ್ಣೆ ಬಿಡು." ಚೌಕಟ್ಟು ಅನ್ರೇ ಅಂತ ಗದರಿದೆ. ಹೂಂ ಅಂದರು. ನಾನು ತಿರುಗಿದ ಕೂಡಲೇ ಮತ್ತೆ ಜೆನೀವಾ. ಅವಳು ಹೋದ ಮೇಲೂ ನನ್ನ ಉರಿ ಆರಲಿಲ್ಲ. ಚರ್ಚಿನಲ್ಲಿ ಅವಳು ನನ್ನಿಂದ ಆರು ಸಾಲು ಮುಂದೆ ಕೂರುತ್ತಿದ್ದಳು. ಸೂಪಿನ ಕಾರ್ಖಾನೆಯಲ್ಲಿ ಟೊಮೇಟೊ ಸುಲಿಯುವ ಕೆಲಸ ಹಿಡಿದಿದ್ದಳು. ಹುಳಿಗೆ ಅವಳ ಬೆರಳ ತುದಿಗಳು ಬೆಂದು ಬಿಳಿಚಿಕೊಂಡಿದ್ದವು. ಆ ಕೈಯಲ್ಲೇ ಹಾಡಿನ ಪುಸ್ತಕ ಹಿಡಿದು ತಲೆಯೆತ್ತಿ ಹಾಡುತ್ತಿದ್ದಳು. ಆ ತಲೆಯೆತ್ತಿದ್ದು ನೋಡಿಯೂ ಹೊಟ್ಟೆಕಿಚ್ಚು ಪಟ್ಟೆ.

ಐವತ್ಮೂರರ ಅಕ್ಟೋಬರಿನಲ್ಲಿ ಬೀಡಲ್ ಅನ್ನುವ ಕಂಪನಿ ವಕೀಲ ನನ್ನನ್ನು ಕರೆಸಿದ. ಬೇರೊಂದು ಕಂಪನಿ ತಕರಾರು ಹಾಕಿತ್ತು. ಮೂರು ಕಾಯಿಲ್ ಒಟ್ಟಿಗೆ ಸುತ್ತುವುದನ್ನು ತಾವು ಐವತ್ತೊಂದರ ಫೆಬ್ರವರಿಯಲ್ಲೇ ಮಾಡಿದ್ದೆವು ಅಂತ. ಮೊದಲು ಯಾರು ಅನ್ನುವುದರ ಮೇಲೆ ಪೇಟೆಂಟ್ ನಿಂತಿತ್ತು. ಫೆಬ್ರವರಿಗಿಂತ ಜನವರಿ ಮೊದಲು. ಜನವರಿಗೆ ಸಾಕ್ಷಿ ನಾನೊಬ್ಬಳೇ.

"ಕೇಳಿದ್ದಕ್ಕೆ ಹೌದು ಅನ್ನು, ಸಾಕು," ಅಂದ ಬೀಡಲ್. "ಹೆಚ್ಚು ಮಾತಾಡಬೇಡ. ಒಳ್ಳೇ ಟೋಪಿ ಹಾಕ್ಕೊಂಡು ಬಾ."

ಸಾಕ್ಷಿ ಹೇಳಬೇಕಾದ್ದು ಕೋರ್ಟಿನಲ್ಲಲ್ಲ, ಫಿಲಡೆಲ್ಫಿಯಾದಲ್ಲಿ ಒಂದು ವಕೀಲರ ಆಫೀಸಿನಲ್ಲಿ, ಹದಿನಾಲ್ಕನೇ ಮಹಡಿ. ಕಂಪನಿಯ ಕಾರಿನಲ್ಲಿ ಸೇತುವೆ ದಾಟಿ ಹೋದೆವು. ಕ್ರಾನ್‌ಶಾ, ಬೀಡಲ್ ಹಿಂದೆ, ನಾನು ಡ್ರೈವರಿನ ಪಕ್ಕ. ಲಿಫ್ಟಿನ ಹತ್ತಿರ ಹಿತ್ತಾಳೆ ಗುಂಡಿಯ ಸಮವಸ್ತ್ರದವನು ಕೈ ಅಡ್ಡ ಹಿಡಿದ. ಅವನೂ ನಮ್ಮವನೇ. ನನ್ನ ಮುಖ ನೋಡದೆ, "ಅಮ್ಮಾ, ಸಾಮಾನಿನ ಲಿಫ್ಟು ಹಿಂದಿದೆ," ಅಂದ.

ನಾನು ಬೀಡಲ್ ಕಡೆ ನೋಡಿದೆ. "ಮೇಲೆ ಸಿಗೋಣ," ಅಂದ ಅವನು. ಕ್ರಾನ್‌ಶಾ ಟೋಪಿ ತೆಗೆದು ಒಳಗೆ ಹೋದ. ಹಿತ್ತಾಳೆಯ ಬಾಗಿಲು ಮುಚ್ಚಿಕೊಂಡಿತು.

ಸಾಮಾನಿನ ಲಿಫ್ಟಿನಲ್ಲಿ ಕಸದ ಡಬ್ಬಿಗಳ ಜೊತೆ ಹದಿನಾಲ್ಕು ಮಹಡಿ ಏರಿದೆ. ಮೀನಿನ ವಾಸನೆ. ಒಳ್ಳೆಯ ಟೋಪಿ ತೆಗೆದು ಕೋಟಿನೊಳಗೆ ಮುಚ್ಚಿಟ್ಟುಕೊಂಡೆ, ವಾಸನೆ ಹಿಡಿಯದಿರಲಿ ಅಂತ.

ಉದ್ದ ಮೇಜು. ಈ ಕಡೆ ನಮ್ಮ ಕಂಪನಿ, ಆ ಕಡೆ ಎದುರು ಕಂಪನಿಯ ವಕೀಲ, ಅವರ ಇಂಜಿನಿಯರ್. ತುದಿಯಲ್ಲಿ ಮಾತನ್ನೆಲ್ಲ ಶೀಘ್ರಲಿಪಿಯಲ್ಲಿ ದಾಖಲಿಸುವ ಒಬ್ಬ ಬಿಳಿ ಹೆಂಗಸು. ನನಗೆ ಬಾಗಿಲ ಪಕ್ಕ ಕುರ್ಚಿ.

ಮೊದಲು ಕ್ರಾನ್‌ಶಾ ಸಾಕ್ಷಿ ಹೇಳಿದ. ಜನವರಿಯ ಒಂದು ಬೆಳಿಗ್ಗೆ ಅವನ ಹೆಂಡತಿ ಮಗಳಿಗೆ ಜಡೆ ಹೆಣೆಯುತ್ತಿದ್ದಳಂತೆ. ಮೂರು ಎಳೆ, ಒಂದೇ ಬಿಗಿ. ಥಟ್ಟನೆ ಹೊಳೆಯಿತಂತೆ. ಚಂದವಾಗಿ ಹೇಳಿದ. ಎಷ್ಟು ಸಲ ಹೇಳಿದ್ದನೋ, ಅವನೇ ನಂಬಿದ್ದ.

ಎದುರಿನ ವಕೀಲ ಕೇಳಿದ: "ಕಾಯಿಲ್ ಸುತ್ತುವ ಕೆಲಸಗಾರರಿಂದ ಏನಾದರೂ ಸಲಹೆ ಬಂತೇ?"

ಕ್ರಾನ್‌ಶಾ ನಕ್ಕ. "ಮೇಲಿನ ಹುಡುಗಿಯರಿಂದಲೇ? ಅವರದು ಕೈ ಅಷ್ಟೆ. ಏನು ಸುತ್ತುತ್ತಿದ್ದೇವೆ ಅಂತ ಅವರಿಗೆ ತಿಳಿಯೋದಿಲ್ಲ. ತಿಳಿಯಬೇಕಾಗೂ ಇಲ್ಲ."

"ನಿಮ್ಮ ಸಾಕ್ಷಿ ಅವರಲ್ಲೊಬ್ಬಳು. ಓದಿ ಅರ್ಥಮಾಡಿಕೊಂಡೆ ಅಂತ ಸಹಿ ಹಾಕಿದ್ದಾಳೆ."

"ಅಂಥವರಿಗೆ ಎಷ್ಟು ಅರ್ಥ ಆಗಬಹುದೋ ಅಷ್ಟು."

ಬೀಡಲ್ ಕೆಮ್ಮಿದ. ಕ್ರಾನ್‌ಶಾ ನನ್ನ ಕಡೆ ತಿರುಗಲೂ ಇಲ್ಲ. ನಾನು ಕೋಣೆಯಲ್ಲಿದ್ದೇನೆ ಅನ್ನುವುದೇ ಅವನಿಗೆ ನೆನಪಿರಲಿಲ್ಲ.

ಆ ಕುರ್ಚಿಯಲ್ಲಿ ಕೂತು ಅವನನ್ನು ನೋಡಿದೆ. ಅವನ ಬೆರಳು ನೋಡಿದೆ. ಉಗುರು ಕತ್ತರಿಸಿದ, ಒಂದು ಗೀರೂ ಇಲ್ಲದ ಬೆರಳು. ಇವನಿಗೆ ಕೋಟಿತ್ತು, ಲಿಫ್ಟಿತ್ತು, ಬಾಗಿಲಿರುವ ಕೋಣೆ ಇತ್ತು, ಜನವರಿಯನ್ನು ಹುಟ್ಟಿಸುವ ನೋಟ್‌ಬುಕ್ ಇತ್ತು. ಹತ್ತು ವರ್ಷದಲ್ಲಿ ಒಂದು ದಿನವಾದರೂ ಇವನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆಯೇ? ಇಲ್ಲ. ಅವೆಲ್ಲ ಅವನ ಹುಟ್ಟಿನಿಂದಲೇ ಬಂದದ್ದು ಅಂತ ಬಿಟ್ಟಿದ್ದೆ. ನನ್ನ ಹಾಗೇ ಬೆನ್ನಿಲ್ಲದ ಸ್ಟೂಲಿನಲ್ಲಿ ಕೂತ ಒಬ್ಬ ಹುಡುಗಿ, ಮಡಿಚಿದ ತೋಳಿನ ಎರವಲು ಕೋಟು. ಅದರ ಮೇಲೆ ನನ್ನ ಅಷ್ಟೂ ಉರಿ ಸುರಿದಿದ್ದೆ. ಅವನು ಆ ಉರಿಯಲ್ಲಿ ಚಳಿ ಕಾಯಿಸಿಕೊಂಡಿದ್ದ.

ನನ್ನನ್ನು ಕರೆದರು. ಬೈಬಲ್ ಮೇಲೆ ಕೈ ಇಟ್ಟೆ. ಬೀಡಲ್ ನೋಟ್‌ಬುಕ್ ತೋರಿಸಿದ.

"ಇದು ನಿನ್ನ ಸಹಿಯೇ?"

"ಹೌದು."

"ಜನವರಿ ಹನ್ನೊಂದರಂದು ಹಾಕಿದ್ದೇ?"

"ಅಲ್ಲ."

ಬೀಡಲ್ ಕಾಗದದಿಂದ ತಲೆ ಎತ್ತಿದ. "ವರ್ಡೆಲ್, ಪ್ರಶ್ನೆ ಸರಿಯಾಗಿ ಕೇಳಿಸ್ಕೊ."

"ಕೇಳಿಸ್ತು. ಅದು ಜೂನಲ್ಲಿ ಹಾಕಿದ ಸಹಿ. ಅವರ ಕೋಣೇಲಿ, ಬಾಗಿಲು ಹಾಕ್ಕೊಂಡು. ಜನವರಿ ಹನ್ನೊಂದಕ್ಕೆ ನಾನು ವರ್ಜೀನಿಯಾದಲ್ಲಿ ನಮ್ಮಮ್ಮನ ಮಣ್ಣಿಗೆ ಹೋಗಿದ್ದೆ. ಅಲ್ಲಿನ ಚರ್ಚಿನ ಪುಸ್ತಕದಲ್ಲಿ ಬರೆದಿದೆ, ತರಿಸಿ ನೋಡಿ."

ಕ್ರಾನ್‌ಶಾನ ಕತ್ತು ಕೆಂಪಗಾಯಿತು. ಬೀಡಲ್ ಕೂತುಬಿಟ್ಟ. ಎದುರಿನ ವಕೀಲ ಎದ್ದ. ಅವನ ಮುಖದಲ್ಲಿ ಮದುವೆ ಮನೆಯ ಕಳೆ.

"ಧನ್ಯವಾದ, ಮಿಸೆಸ್ ಸಿಮ್ಸ್," ಅಂದ. ಹದಿನಾಲ್ಕು ವರ್ಷದಲ್ಲಿ ಬಿಳಿಯನ ಬಾಯಲ್ಲಿ ನಾನು ಮಿಸೆಸ್ ಆದದ್ದು ಅದೇ ಮೊದಲು. "ನನ್ನದು ಬೇರೆ ಪ್ರಶ್ನೆ ಇಲ್ಲ. ತಾವು ಹೋಗಬಹುದು."

"ನಂದು ಮುಗಿದಿಲ್ಲ," ಅಂದೆ.

"ಇಷ್ಟೇ ಸಾಕು, ಮಿಸೆಸ್ ಸಿಮ್ಸ್."

"ಅದನ್ನ ಮಾಡಿದ್ದು ಯಾರು ಅಂತ ನೀವು ಕೇಳಲೇ ಇಲ್ಲ."

"ಅದು ಇಲ್ಲಿ ಅಪ್ರಸ್ತುತ," ಅಂದ ಅವನು. "ಅಪ್ರಸ್ತುತ," ಅಂದ ಬೀಡಲ್ ಕೂಡಾ. ಎರಡು ವರ್ಷ ಕಚ್ಚಾಡಿದ ಎರಡು ಕಂಪನಿ ಒಂದು ಕ್ಷಣದಲ್ಲಿ ಒಂದಾದವು. ನಮ್ಮವಳ ಹೆಸರು ಬರುವ ಹೊತ್ತಿಗೆ ಇಬ್ಬರ ಬಾಯಲ್ಲೂ ಒಂದೇ ಮಾತು.

"ಸತ್ಯ ಹೇಳ್ತೀನಿ ಅಂತ ಆಣೆ ಮಾಡಿಸಿದ್ದೀರಿ. ಅರ್ಧ ಹೇಳಿಸಿ ಕಳಿಸ್ತೀರಾ?" ಶೀಘ್ರಲಿಪಿಯ ಹೆಂಗಸಿನ ಕಡೆ ತಿರುಗಿದೆ. "ಅಮ್ಮಾ, ನೀವು ಬರ್ಕೊಳ್ಳಿ. ಜೆನೀವಾ ಟಾಲ್ಬರ್ಟ್. ಮಾರ್ಚ್ ತಿಂಗಳು, ಗುಡ್ ಫ್ರೈಡೇ ಹಿಂದಿನ ದಿನ, ಊಟದ ಹೊತ್ತು. ಪೊರಕೆ ಕೋಲು, ಸ್ಟೂಲಿನ ಕಾಲು. ನಾನು ಕಣ್ಣಾರೆ ನೋಡಿದ್ದು."

"ಇದನ್ನು ತೆಗೆದುಹಾಕಬೇಕು," ಅಂದ ಬೀಡಲ್.

ಅವಳ ಬೆರಳು ನಿಲ್ಲಲಿಲ್ಲ. "ಹೇಳಿದ್ದೆಲ್ಲ ಬರೆಯೋದು ನನ್ನ ಕೆಲಸ ಸರ್. ತೆಗೆಯೋದು ಪೇಟೆಂಟ್ ಕಚೇರಿಗೆ ಬಿಟ್ಟದ್ದು," ಅಂದಳು. ಆಮೇಲೆ ನನಗೆ, "ಟಾಲ್ಬರ್ಟ್, ಅಕ್ಷರ ಹೇಳಿ," ಅಂದಳು. ಒಂದೊಂದೇ ಅಕ್ಷರ ಹೇಳಿದೆ.

ಏಳುವಾಗ ಎದುರು ಕಂಪನಿಯ ಇಂಜಿನಿಯರ್ ಕಣ್ಣಿಗೆ ಬಿದ್ದ. ಗೆದ್ದವನು. ಸಣ್ಣ ಮೀಸೆ.

"ನಿಮ್ಮಲ್ಲಿ ಸುತ್ತಿದ್ದು ಯಾರು ಸರ್?" ಅಂತ ಕೇಳಿದೆ. "ಫೆಬ್ರವರೀಲಿ. ಅವಳ ಹೆಸರೇನು?"

ಅವನು ತನ್ನ ಬೂಟು ನೋಡಿಕೊಂಡ.

ಇಳಿಯಲು ನಾನು ಮುಂದಿನ ಲಿಫ್ಟಿಗೇ ಹೋದೆ. ಹಿತ್ತಾಳೆ ಗುಂಡಿಯವನು ಬಾಯಿ ತೆರೆದ. ನನ್ನ ಮುಖ ನೋಡಿ ಮುಚ್ಚಿಕೊಂಡು ಬಾಗಿಲು ಎಳೆದ. ಕಂಪನಿಯ ಕಾರಿಗೆ ಕಾಯಲಿಲ್ಲ. ಬಸ್ಸು ಹತ್ತಿದೆ.

ಮರುದಿನ ಗೇಟಿನಲ್ಲೇ ನನ್ನ ಏಪ್ರನ್ನು, ಕತ್ತರಿ ಕಾಗದದಲ್ಲಿ ಸುತ್ತಿ ಕೊಟ್ಟರು. ಮುಂದಿನ ವರ್ಷ ಪೇಟೆಂಟ್ ಎದುರು ಕಂಪನಿಯ ಮೀಸೆಯವನ ಹೆಸರಿಗೆ ಬಂತು. ಕ್ರಾನ್‌ಶಾ ಬೇರೆ ಊರಿನಲ್ಲಿ ಇನ್ನೂ ದೊಡ್ಡ ಕೆಲಸಕ್ಕೆ ಹೋದ. ಅವನಿಗೆ ಏನೂ ಆಗಲಿಲ್ಲ. ನನ್ನ ಮಾತನ್ನು ತೆಗೆದುಹಾಕಿದರೋ ಇಟ್ಟರೋ, ನನಗೆ ಯಾರೂ ತಿಳಿಸಲಿಲ್ಲ.

ಗೇಟಿನಿಂದ ನೇರ ಜೆನೀವಾಳ ಮನೆಗೆ ಹೋದೆ. ಅವಳದು ಎರಡನೇ ಪಾಳಿ, ಬೆಳಿಗ್ಗೆ ಮನೆಯಲ್ಲಿರುತ್ತಿದ್ದಳು. ಬಾಗಿಲು ಅರ್ಧ ತೆರೆದಳು. ನಿಂತಲ್ಲೇ ಎಲ್ಲ ಹೇಳಿದೆ. ಕೊನೆತನಕ ಕೇಳಿದಳು.

"ಯಾರಿಗೆ ಹೋಗುತ್ತೆ ಈಗ ಅದು?"

"ಆ ಕಂಪನಿಗೆ."

"ಅಂದ್ರೆ ನನಗಲ್ಲ."

"ಅಲ್ಲ."

"ಎರಡು ವರ್ಷ ತಡ ಮಾಡಿದೆ ವರ್ಡೆಲ್." ಬಾಗಿಲು ಹಾಕಿಕೊಂಡಳು. ನಾನು ಮೆಟ್ಟಿಲ ಮೇಲೆ ನಿಂತೇ ಇದ್ದೆ. ಸ್ವಲ್ಪ ಹೊತ್ತಿಗೆ ಮತ್ತೆ ತೆರೆದಳು. "ಸೂಪಿನ ಕಾರ್ಖಾನೇಲಿ ಸುಲಿಯೋಕೆ ಜನ ತಗೋತಿದ್ದಾರೆ. ಕೈ ಸುಡುತ್ತೆ. ಆಗುತ್ತ ನಿನ್ನ ಕೈಲಿ?"

ಆಯಿತು. ಕೈ ಸುಟ್ಟಿತು. ಆ ಚಳಿಗಾಲ ಸುಲಿಯುವ ಹೆಂಗಸರು ಕೈಗವಸು ಬೇಕು ಅಂತ ಕೆಲಸ ನಿಲ್ಲಿಸಿದರು. ಯೂನಿಯನ್ನಿನ ಕೋಣೆಯಲ್ಲಿ ಒಂದು ಶನಿವಾರ ಮಧ್ಯಾಹ್ನ ಇನ್ನೂರು ಜನ ಸೇರಿದೆವು. ಮಾಲೀಕರ ಎದುರು ಕೂತು ಮಾತಾಡಲು ನಮ್ಮ ಪರವಾಗಿ ಒಬ್ಬರನ್ನು ಆರಿಸಬೇಕಿತ್ತು. ವಕೀಲರ ಮುಂದೆ ಮಾತಾಡಿ ಬಂದವಳು ನಾನು. ಯಾರಾದರೂ ನನ್ನ ಹೆಸರು ಹೇಳುತ್ತಾರೆ ಅಂತ ಟೋಪಿ ಸರಿ ಮಾಡಿಕೊಂಡೆ. ಯಾರೂ ಹೇಳಲಿಲ್ಲ. ಹಿಂದಿನಿಂದ ಒಬ್ಬಳು, "ಜೆನೀವಾ ಟಾಲ್ಬರ್ಟ್!" ಅಂತ ಕೂಗಿದಳು.

ಅವಳು ಎದ್ದು ನಿಂತಳು. ನಾಲ್ಕೇ ಮಾತಾಡಿದಳು. ಕೋಣೆ ಅವಳ ಕಡೆ ವಾಲಿತು. ಎಂಥಾ ಮಾತು! ನನಗೆ ನೂರು ವರ್ಷ ಕೊಟ್ಟರೂ ಹಾಗೆ ಬರುವುದಿಲ್ಲ. ಹೊಟ್ಟೆಯೊಳಗೆ ಅದೇ ಹಳೆಯ ಉರಿ ಎದ್ದಿತು. ಚೆನ್ನಾಗಿ ಉರಿಯಿತು.

ಒಪ್ಪಿಗೆ ಇರುವವರು ಕೈ ಎತ್ತಿ ಅಂದರು. ಎಲ್ಲರಿಗಿಂತ ಮೊದಲು ಎತ್ತಿದೆ.